ಆಫ್ರಿಕಾಕ್ಕೆ ಹೋಗ್ತೀರಾ? ಮೊದಲು ತಿಂಗಳು ಹೇಳಿ

ಪ್ರಶ್ನೆ: ನಾವು ನಾಲ್ಕು ಜನ. ನಾನು, ಹೆಂಡತಿ, 12 ವರ್ಷದ ಮಗಳು ಮತ್ತು 66 ವರ್ಷದ ಅಪ್ಪ. ಬರುವ ಅಕ್ಟೋಬರ್‌ನಲ್ಲಿ 20 ದಿನ ಆಫ್ರಿಕಾ ಸುತ್ತಬೇಕು ಅಂತಿದ್ದೇವೆ. ಪಟ್ಟಿ ಹೀಗಿದೆ: ಪಿರಮಿಡ್, ಮಸಾಯಿ ಮಾರಾದ ಪ್ರಾಣಿ ವಲಸೆ, ಕಿಲಿಮಂಜಾರೊ, ರುವಾಂಡಾದ ಗೊರಿಲ್ಲಾ, ವಿಕ್ಟೋರಿಯಾ ಜಲಪಾತ, ಕೇಪ್‌ಟೌನ್, ಕೊನೆಗೆ ಝಾಂಜಿಬಾರ್‌ನಲ್ಲಿ ಮೂರು ದಿನ ಸಮುದ್ರ. ನಾವು ಸಸ್ಯಾಹಾರಿಗಳು. ಈ ಪಟ್ಟಿಗೆ ಇನ್ನೇನು ಸೇರಿಸಬೇಕು?

ಉತ್ತರ: ಸೇರಿಸೋದು ಏನೂ ಇಲ್ಲ ಸಾರ್, ಬಿಡೋದೇ ಇದೆ.

ಬೇಜಾರಾಗಬೇಡಿ. ಹದಿನಾರು ವರ್ಷದಿಂದ ಜನರನ್ನು ಆಫ್ರಿಕಾಕ್ಕೆ ಕರೆದುಕೊಂಡು ಹೋಗುತ್ತಿದ್ದೇನೆ, ನನ್ನ ಹತ್ತಿರ ಬರುವ ಹತ್ತರಲ್ಲಿ ಎಂಟು ಪಟ್ಟಿಗಳು ಹೀಗೇ ಇರುತ್ತವೆ. ನಾನು ಮೊದಲ ಸಲ ಹೊರಟಾಗ ಮಾಡಿದ್ದ ಪಟ್ಟಿಯೂ ಇದೇ. ತಪ್ಪು ನಮ್ಮದಲ್ಲ, ಶಾಲೆ ಗೋಡೆಯ ಮೇಲಿದ್ದ ನಕಾಶೆಯದ್ದು. ಆ ನಕಾಶೆಯಲ್ಲಿ ಗ್ರೀನ್‌ಲ್ಯಾಂಡ್ ಮತ್ತು ಆಫ್ರಿಕಾ ಹೆಚ್ಚು ಕಡಿಮೆ ಒಂದೇ ಅಳತೆ ಕಾಣುತ್ತವೆ. ನಿಜದಲ್ಲಿ ಆಫ್ರಿಕಾದೊಳಗೆ ಹದಿನಾಲ್ಕು ಗ್ರೀನ್‌ಲ್ಯಾಂಡ್ ಹಿಡಿಸುತ್ತವೆ. ಅದು 3 ಕೋಟಿ ಚದರ ಕಿಲೋಮೀಟರ್ ನೆಲ, 54 ದೇಶ. ಭಾರತದಂಥ ಒಂಬತ್ತು ದೇಶ ಅದರೊಳಗೆ ಕೂರುತ್ತವೆ. ಕೈರೋದಿಂದ ಕೇಪ್‌ಟೌನ್‌ಗೆ ನೇರ ಗೆರೆ ಎಳೆದರೂ 7,000 ಕಿ.ಮೀ. ದಾಟುತ್ತದೆ. ನಿಮ್ಮ ಪಟ್ಟಿಯನ್ನು ಹಾಗೇ ಹಿಡಿದು ಹೊರಟರೆ 20 ದಿನದಲ್ಲಿ ಎಂಟೊಂಬತ್ತು ದಿನ ಹೋಗುವುದು ವಿಮಾನ ನಿಲ್ದಾಣಗಳ ಕುರ್ಚಿಯಲ್ಲಿ.

ಅದಕ್ಕೇ ನಾನು ಯಾರಾದರೂ ಕೇಳಿದರೆ 'ಯಾವ ಜಾಗ' ಅಂತ ಶುರು ಮಾಡುವುದಿಲ್ಲ, 'ಯಾವ ತಿಂಗಳು' ಅಂತ ಕೇಳುತ್ತೇನೆ. ಅಲ್ಲಿ ಪ್ರಾಣಿ, ಜಲಪಾತ, ರಸ್ತೆ, ಸೊಳ್ಳೆ ಎಲ್ಲವನ್ನೂ ನಡೆಸುವುದು ಮಳೆ. ಬೋಟ್ಸ್ವಾನಾ ದೇಶದ ನಾಣ್ಯದ ಹೆಸರು 'ಪುಲಾ'. ಅವರ ಸೆಟ್ಸ್ವಾನಾ ಭಾಷೆಯಲ್ಲಿ ಪುಲಾ ಅಂದರೆ ಮಳೆ. ದುಡ್ಡಿಗೇ ಮಳೆ ಅಂತ ಹೆಸರಿಟ್ಟ ಜನ ಅವರು, ಸಭೆಯಲ್ಲಿ ಜೈ ಅನ್ನುವ ಹಾಗೆ 'ಪುಲಾ!' ಅಂತ ಕೂಗುತ್ತಾರೆ. ನೀವು ಅಕ್ಟೋಬರ್ ಅಂದಿದ್ದೀರಿ, ಮಗಳ ರಜೆ ಇರಬೇಕು. ಹಾಗಾಗಿ ಅಕ್ಟೋಬರ್‌ನಲ್ಲಿ ಯಾವುದು ಎಲ್ಲಿ ಹೇಗಿರುತ್ತದೆ ಅಂತ ಹೇಳುತ್ತಾ ಹೋಗುತ್ತೇನೆ.

ಮೊದಲು ವಲಸೆ, ಎಲ್ಲರ ಕಣ್ಣೂ ಅದರ ಮೇಲೇ ತಾನೇ. ಟಿ.ವಿ.ಯಲ್ಲಿ ತೋರಿಸುವ ಆ ನದಿ ದಾಟುವ ದೃಶ್ಯ ನೋಡಿ ಜನ ಇದನ್ನು ವರ್ಷಕ್ಕೊಮ್ಮೆ ನಡೆಯುವ ಜಾತ್ರೆ ಅಂದುಕೊಂಡಿರುತ್ತಾರೆ. ಹಾಗಲ್ಲ. ಹದಿಮೂರು ಹದಿನಾಲ್ಕು ಲಕ್ಷ ವೈಲ್ಡ್‌ಬೀಸ್ಟ್ (ದನದ ಹಾಗೆ ಕಾಣುವ ಹುಲ್ಲೆ), ಅವುಗಳ ಜೊತೆ ಲಕ್ಷಗಟ್ಟಲೆ ಜೀಬ್ರಾ, ವರ್ಷಪೂರ್ತಿ ತಾಂಜಾನಿಯಾದ ಸೆರೆಂಗೆಟಿ ಮತ್ತು ಕೀನ್ಯಾದ ಮಾರಾ ನಡುವೆ ಒಂದು ದೊಡ್ಡ ಸುತ್ತು ಹಾಕುತ್ತಲೇ ಇರುತ್ತವೆ. ಮಳೆ ಬಿದ್ದ ತಿಂಗಳುಗಳಲ್ಲಿ ಅವು ದಕ್ಷಿಣದ ಗಿಡ್ಡ ಹುಲ್ಲಿನ ಬಯಲಿಗೆ ಬರುತ್ತವೆ. ಆ ಮಣ್ಣು ಹಳೆಯ ಜ್ವಾಲಾಮುಖಿಗಳ ಬೂದಿ. ಅಲ್ಲಿನ ಹುಲ್ಲಿನಲ್ಲಿ ಸುಣ್ಣದಂಶ, ರಂಜಕ ಜಾಸ್ತಿ, ಬಾಣಂತಿ ತಾಯಂದಿರಿಗೆ ಅದೇ ಬೇಕು. ಫೆಬ್ರವರಿ ಹೊತ್ತಿಗೆ ಎರಡು ಮೂರು ವಾರದೊಳಗೆ ಬಹುಪಾಲು ಕರುಗಳು ಹುಟ್ಟಿಬಿಡುತ್ತವೆ. ಸಿಂಹ, ಕತ್ತೆಕಿರುಬ ಎಷ್ಟು ತಿಂದರೂ ಮುಗಿಯದಷ್ಟು ಕರುಗಳು ಒಟ್ಟಿಗೆ ಹುಟ್ಟುತ್ತವೆ, ಅದೇ ಅವುಗಳ ಉಪಾಯ. ಆಮೇಲೆ ಆ ಬಯಲಿನಲ್ಲಿ ನೀರು ಆರುತ್ತದೆ. ಬೇಸಿಗೆಯಲ್ಲೂ ಬತ್ತದ ನದಿ ಇರುವುದು ಉತ್ತರದಲ್ಲಿ, ಮಾರಾ ನದಿ. ಹಾಗಾಗಿ ಜುಲೈಯಿಂದ ಅಕ್ಟೋಬರ್‌ವರೆಗೆ ಹಿಂಡು ಅಲ್ಲಿ, ಮೊಸಳೆಗಳೂ ಅಲ್ಲಿ.

ಅಂದರೆ ನಿಮ್ಮ ತಿಂಗಳು ಬಾಲದ ತುದಿ. ಅಕ್ಟೋಬರ್ ಮೊದಲ ವಾರ ಇನ್ನೂ ಹಿಂಡು ಸಿಗುವ ಸಾಧ್ಯತೆ ಚೆನ್ನಾಗಿದೆ. ಕೊನೆಯ ವಾರಕ್ಕೆ ಹೋದರೆ, ಮಳೆ ಬೇಗ ಬಂದ ವರ್ಷ, ಅವು ದಕ್ಷಿಣಕ್ಕೆ ತಿರುಗಿರುತ್ತವೆ. ಇನ್ನು ನದಿ ದಾಟುವುದನ್ನು ತೋರಿಸಿಯೇ ತೀರುತ್ತೇವೆ ಅಂತ ಯಾರಾದರೂ ಗ್ಯಾರಂಟಿ ಕೊಟ್ಟರೆ ಅವರ ಹತ್ತಿರ ಟಿಕೆಟ್ ತಗೊಳ್ಳಬೇಡಿ. ಒಮ್ಮೆ ಬೆಳಗ್ಗೆ ಎಂಟಕ್ಕೆ ದಂಡೆಯಲ್ಲಿ ಗಾಡಿ ನಿಲ್ಲಿಸಿ ಕೂತೆವು. ಸಾವಿರಾರು ಪ್ರಾಣಿಗಳು ಆ ಕಡೆ ದಡಕ್ಕೆ ಬಂದು, ನೀರು ಮೂಸಿ, ಧೂಳೆಬ್ಬಿಸಿ, ಹಿಂದಕ್ಕೆ ಹೋದವು. ಮತ್ತೆ ಬಂದವು. ಮತ್ತೆ ಹೋದವು. ಹನ್ನೆರಡೂವರೆಗೆ ನಮ್ಮ ಗುಂಪಿನವರೊಬ್ಬರು 'ಊಟಕ್ಕೆ ಹೋಗೋಣ' ಅಂದರು, ಹೋದೆವು. ನಾವು ಹೊರಟ ಇಪ್ಪತ್ತು ನಿಮಿಷಕ್ಕೆ ದಾಟಿದವಂತೆ. ಆ ಮನುಷ್ಯ ಇವತ್ತಿಗೂ ಸಿಕ್ಕಾಗ ಆ ಊಟದ ಮಾತು ತೆಗೆಯುತ್ತಾರೆ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ: ಜುಲೈನಿಂದ ಡಿಸೆಂಬರ್‌ವರೆಗೆ ಮಾರಾದ ಪ್ರವೇಶ ಶುಲ್ಕ ವಿದೇಶಿ ದೊಡ್ಡವರಿಗೆ ದಿನಕ್ಕೆ 200 ಡಾಲರ್. ವರ್ಷದ ಮೊದಲರ್ಧದಲ್ಲಿ ಅದೇ 100 ಡಾಲರ್. 2024ರಿಂದ ಹೀಗಿದೆ. ಮೂರು ದಿನ ಅಂದರೆ ಮೂರು ಜನ ದೊಡ್ಡವರಿಗೆ ಬರೀ ಗೇಟಿನಲ್ಲೇ 1,800 ಡಾಲರ್ ಹೋಯಿತು. ನದಿ ದಂಡೆಯಲ್ಲಿ ಮೂವತ್ತು ನಲವತ್ತು ಜೀಪು ಸಾಲಾಗಿ ನಿಂತಿರುತ್ತವೆ, ಅದಕ್ಕೂ ಮನಸ್ಸು ತಯಾರಿರಲಿ. ನನ್ನನ್ನು ಕೇಳಿದರೆ ಕರು ಹಾಕುವ ಫೆಬ್ರವರಿಯೇ ನದಿ ದಾಟುವುದಕ್ಕಿಂತ ಚೆಂದ. ಹುಟ್ಟಿದ ಕರು ಏಳೆಂಟು ನಿಮಿಷದಲ್ಲಿ ತಡಬಡಿಸಿ ಎದ್ದು ತಾಯಿ ಹಿಂದೆ ಓಡುವುದನ್ನು ಒಮ್ಮೆ ನೋಡಬೇಕು. ಅದೇ ಪ್ರವಾಸದಲ್ಲಿ ಪಕ್ಕದ ಎನ್‌ಗೊರೊಂಗೊರೊ ಕುಳಿಯೂ ಸಿಗುತ್ತದೆ. ಕುಸಿದು ಕೂತ ಜ್ವಾಲಾಮುಖಿ ಅದು, 600 ಮೀಟರ್ ಆಳ, ತಳ ಸುಮಾರು 260 ಚದರ ಕಿ.ಮೀ. ಸಿಂಹ, ಆನೆ, ಘೇಂಡಾಮೃಗ ಎಲ್ಲ ಅದರೊಳಗಿವೆ, ಜಿರಾಫೆ ಮಾತ್ರ ಇಲ್ಲ, ಆ ಕಡಿದಾದ ಗೋಡೆ ಇಳಿದು ಬರುವುದು ಅದಕ್ಕೆ ಕಷ್ಟ ಅಂತ ಗೈಡ್‌ಗಳು ಹೇಳುತ್ತಾರೆ. (ಹುಲಿ ಎಲ್ಲಿ ಸಿಗುತ್ತದೆ ಅಂತ ಪ್ರತಿ ಗುಂಪಿನಲ್ಲೂ ಒಬ್ಬರು ಕೇಳುತ್ತಾರೆ. ಆಫ್ರಿಕಾದ ಕಾಡಿನಲ್ಲಿ ಹುಲಿ ಇಲ್ಲ. ನಿಮ್ಮಪ್ಪನಿಗೆ ಮೊದಲೇ ಹೇಳಿಬಿಡಿ.)

ಈಗ ವಿಕ್ಟೋರಿಯಾ ಜಲಪಾತ. ಅಲ್ಲಿನವರು ಇದಕ್ಕೆ ಇಟ್ಟ ಹೆಸರು 'ಮೋಸಿ ಓ ತುನ್ಯಾ', ಗುಡುಗುವ ಹೊಗೆ. 1,708 ಮೀಟರ್ ಅಗಲ, 108 ಮೀಟರ್ ಎತ್ತರ. ಜಾಂಬೆಜಿ ನದಿಯ ಮೇಲ್ದಂಡೆಯಲ್ಲಿ ನವೆಂಬರ್‌ನಿಂದ ಬಿದ್ದ ಮಳೆ ಹರಿದು ಬಂದು ಏಪ್ರಿಲ್ ಸುಮಾರಿಗೆ ಜಲಪಾತ ತುಂಬುತ್ತದೆ. ಆಗ ಹೋದರೆ ಎದುರಿಗೆ ನಿಂತರೂ ಜಲಪಾತವೇ ಕಾಣುವುದಿಲ್ಲ, ಅಷ್ಟು ತುಂತುರು, ಮೈಯೆಲ್ಲ ತೊಪ್ಪೆ. ಅಕ್ಟೋಬರ್, ನವೆಂಬರ್‌ನಲ್ಲಿ ಇದಕ್ಕೆ ಪೂರ್ತಿ ಉಲ್ಟಾ. ಜಾಂಬಿಯಾ ಕಡೆ ದೊಡ್ಡ ಭಾಗ ಬರೀ ಕಪ್ಪು ಬಂಡೆ. ಆ ಕಡೆ ರೂಮ್ ಮಾಡಿ, 'ಎಲ್ಲಿ ಜಲಪಾತ' ಅಂತ ಹುಡುಕಿ, ಬೈದುಕೊಂಡು ವಾಪಸ್ ಬಂದವರನ್ನು ನೋಡಿದ್ದೇನೆ. ಅಕ್ಟೋಬರ್‌ನಲ್ಲಿ ಹೋಗುವುದಾದರೆ ಜಿಂಬಾಬ್ವೆ ಕಡೆಯಿಂದ ನೋಡಿ, ಅಲ್ಲಿ ಮುಖ್ಯ ಧಾರೆ ವರ್ಷಪೂರ್ತಿ ಬೀಳುತ್ತದೆ, ಮತ್ತು ನೀರು ಕಡಿಮೆ ಇರುವುದರಿಂದ ಆ ಕಣಿವೆಯ ಆಳ ನಿಜವಾಗಿ ಕಣ್ಣಿಗೆ ಬೀಳುತ್ತದೆ. ಎರಡೂ ದೇಶ ನೋಡುವವರಿಗೆ 'ಕಾಜಾ' ಅನ್ನುವ ಜಂಟಿ ವೀಸಾ ಇದೆ, 50 ಡಾಲರ್, 30 ದಿನ, ಬೋಟ್ಸ್ವಾನಾಕ್ಕೆ ಬೆಳಗ್ಗೆ ಹೋಗಿ ಸಂಜೆ ಬರಲೂ ನಡೆಯುತ್ತದೆ. ನಿಮ್ಮ ಪಾಸ್‌ಪೋರ್ಟ್‌ಗೆ ಸಿಗುತ್ತದಾ ಅಂತ ಬುಕ್ ಮಾಡುವ ಮೊದಲು ನೋಡಿಕೊಳ್ಳಿ. ಎರಡು ದೇಶಗಳ ನಡುವೆ 1905ರ ಕಬ್ಬಿಣದ ಸೇತುವೆ ಇದೆ, ಅದರ ಮೇಲೆ ನಡೆದುಕೊಂಡೇ ಗಡಿ ದಾಟಬಹುದು. ನಿಮ್ಮ ಮಗಳಿಗೆ ಜಲಪಾತಕ್ಕಿಂತ ಅದೇ ನೆನಪಿರುತ್ತದೆ ನೋಡಿ.

ಜಲಪಾತದಿಂದ ಎರಡು ಗಂಟೆ ದೂರದಲ್ಲಿ ಬೋಟ್ಸ್ವಾನಾದ ಚೋಬೆ ರಾಷ್ಟ್ರೀಯ ಉದ್ಯಾನ ಇದೆ. ನಿಮ್ಮ ಪಟ್ಟಿಯಲ್ಲಿ ಇಲ್ಲದ ಈ ಹೆಸರು ನನ್ನ ಪಟ್ಟಿಯಲ್ಲಿ ಮೊದಲನೆಯದು. ಕಾರಣ ಮತ್ತೆ ನೀರು. ಅಕ್ಟೋಬರ್ ಅಂದರೆ ಅಲ್ಲಿ ಒಣಗಾಲದ ಕೊನೆ. ಕಾಡಿನೊಳಗಿನ ಹೊಂಡಗಳೆಲ್ಲ ಬತ್ತಿ, ಆನೆಗಳು ಮಧ್ಯಾಹ್ನದ ಹೊತ್ತಿಗೆ ಸಾಲುಸಾಲಾಗಿ ಚೋಬೆ ನದಿಗೆ ಇಳಿಯುತ್ತವೆ. ಜಗತ್ತಿನಲ್ಲೇ ಅತಿ ಹೆಚ್ಚು ಆನೆ ಇರುವ ದೇಶ ಬೋಟ್ಸ್ವಾನಾ, ಸುಮಾರು 1.3 ಲಕ್ಷ. ದೋಣಿಯಲ್ಲಿ ಕೂತು ನೋಡುವುದರಿಂದ ಅವುಗಳ ಕಣ್ಣಿಗಿಂತ ಕೆಳಗಿರುತ್ತೇವೆ. ಸೊಂಡಿಲು ಮೇಲೆತ್ತಿ ಹೊಳೆ ಈಜಿ ನಡುಗಡ್ಡೆಯ ಹುಲ್ಲಿಗೆ ಹೋಗುತ್ತವೆ, ಮರಿಗಳನ್ನು ನಡುವೆ ಹಾಕಿಕೊಂಡು. ಆ ಸೆಡುಡು ಅನ್ನುವ ನಡುಗಡ್ಡೆಗಾಗಿ ನಮೀಬಿಯಾ ಮತ್ತು ಬೋಟ್ಸ್ವಾನಾ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಗಿ, 1999ರಲ್ಲಿ ಬೋಟ್ಸ್ವಾನಾ ಗೆದ್ದಿತು. ಆನೆಗಳಿಗೆ ಅದೆಲ್ಲ ಎಲ್ಲಿ ಗೊತ್ತು. ನಿಮ್ಮಪ್ಪನಿಗೆ ಜೀಪಿನ ಕುಲುಕಾಟ ಆಗುವುದಿಲ್ಲ ಅಂದರೆ ದೋಣಿ ಸಫಾರಿಯಷ್ಟು ಆರಾಮದ್ದು ಬೇರೆ ಇಲ್ಲ. ಸೆಕೆ ಮಾತ್ರ ವಿಪರೀತ, 40 ಡಿಗ್ರಿ ಮುಟ್ಟುತ್ತದೆ, ಮಧ್ಯಾಹ್ನ ಹನ್ನೆರಡರಿಂದ ಮೂರು ಗಂಟೆ ಸುಮ್ನೆ ರೂಮಿನಲ್ಲಿ ಮಲಗಿ.

ಅದೇ ದೇಶದ ಒಕವಾಂಗೋ ಒಂದು ವಿಚಿತ್ರ. ಅಂಗೋಲಾದ ಎತ್ತರದಲ್ಲಿ ವರ್ಷದ ಶುರುವಿನಲ್ಲಿ ಬಿದ್ದ ಮಳೆ ನಿಧಾನವಾಗಿ ತಿಂಗಳುಗಟ್ಟಲೆ ತೆವಳಿ ಬಂದು ಜೂನ್, ಜುಲೈನಲ್ಲಿ, ಅಂದರೆ ಅಲ್ಲಿ ಒಂದು ಹನಿಯೂ ಬೀಳದ ಕಾಲದಲ್ಲಿ, ಕಲಹರಿ ಮರಳಿನ ಮೇಲೆ ಪ್ರವಾಹವಾಗಿ ಹರಡುತ್ತದೆ. ಸಮುದ್ರ ಸೇರದೆ ಮರಳಿನಲ್ಲೇ ಮುಗಿದುಹೋಗುವ ನದಿ. 2014ರಲ್ಲಿ ಯುನೆಸ್ಕೋ ಪಟ್ಟಿ ಸೇರಿದ ಸಾವಿರನೆಯ ತಾಣ ಇದು. ಆದರೆ ಅಕ್ಟೋಬರ್‌ಗೆ ನೀರು ಇಳಿದಿರುತ್ತದೆ, 'ಮೊಕೊರೊ' ದೋಣಿ ಓಡಾಡುವ ಜಾಗ ಕಡಿಮೆ, ಲಾಡ್ಜ್‌ಗಳ ಬೆಲೆಯೋ ಕೇಳಬೇಡಿ. ಈ ಸಲ ಬಿಡಿ.

ಗೊರಿಲ್ಲಾ ಬಗ್ಗೆ ಒಂದೇ ಮಾತು: ನಿಮ್ಮ ಮಗಳನ್ನು ಬಿಡುವುದಿಲ್ಲ. ರುವಾಂಡಾ, ಉಗಾಂಡಾ ಎರಡರಲ್ಲೂ 15 ವರ್ಷ ತುಂಬಿರಬೇಕು. ಪರವಾನಗಿ ರುವಾಂಡಾದಲ್ಲಿ ತಲೆಗೆ 1,500 ಡಾಲರ್, ಉಗಾಂಡಾದಲ್ಲಿ 800 ಡಾಲರ್, ಸಿಗುವುದು ಒಂದು ಗಂಟೆ, ಗುಂಪಿಗೆ ಎಂಟೇ ಜನ, ನೆಗಡಿ ಇದ್ದರೂ ವಾಪಸ್ ಕಳಿಸುತ್ತಾರೆ, ಏಕೆಂದರೆ ನಮ್ಮ ನೆಗಡಿ ಅವಕ್ಕೆ ಪ್ರಾಣಾಪಾಯ. ದುಬಾರಿ ಅನ್ನಿಸುತ್ತದೆ, ಹೌದು. ಆದರೆ ಜಗತ್ತಿನಲ್ಲಿ ಉಳಿದಿರುವ ಬೆಟ್ಟದ ಗೊರಿಲ್ಲಾ ಸಾವಿರಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ, ಒಂದು ಕಾಲಕ್ಕೆ ಇನ್ನೂ ಕಡಿಮೆ ಇದ್ದವು, ಮತ್ತು ಅವುಗಳನ್ನು ಉಳಿಸಿದ್ದರಲ್ಲಿ ಈ ದುಡ್ಡಿನ ಪಾಲು ದೊಡ್ಡದು. ರುವಾಂಡಾದಲ್ಲಿ ಉದ್ಯಾನಗಳ ಆದಾಯದ ಹತ್ತರಲ್ಲಿ ಒಂದು ಪಾಲು ಸುತ್ತಲಿನ ಹಳ್ಳಿಗಳಿಗೆ ಹೋಗುತ್ತದೆ. ಇನ್ನು ಮೂರು ವರ್ಷ ಬಿಟ್ಟು ಮಗಳನ್ನೂ ಕರೆದುಕೊಂಡು ಹೋಗಿ, ಜೂನ್‌ನಿಂದ ಸೆಪ್ಟೆಂಬರ್ ಒಳ್ಳೆಯದು. ಕೆಸರಿನಲ್ಲಿ, ಚುರುಚುರು ಅನ್ನುವ ತುರಿಕೆ ಗಿಡಗಳ ನಡುವೆ ಹತ್ತಬೇಕು, ಗಟ್ಟಿ ಕೈಗವಸು ಇರಲಿ.

ಕಿಲಿಮಂಜಾರೊ. ಹತ್ತಬೇಕಾ, ನೋಡಬೇಕಾ? ನೀವು ಬರೆದಿಲ್ಲ. ಹತ್ತುವುದಾದರೆ ಅದಕ್ಕೇ ಏಳೆಂಟು ದಿನ ಬೇಕು. 5,895 ಮೀಟರ್. ಹಗ್ಗ, ಕೊಕ್ಕೆ ಬೇಡದ ಬೆಟ್ಟ ಅಂತ ಜನ ಹಗುರವಾಗಿ ತಗೊಳ್ಳುತ್ತಾರೆ, ತುದಿಯಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರ ಮಟ್ಟದ ಅರ್ಧ. ಐದು ದಿನದಲ್ಲಿ ಮುಗಿಸುವ ಅಗ್ಗದ ಪ್ಯಾಕೇಜ್ ತಗೊಂಡವರೇ ಹೆಚ್ಚಾಗಿ ತಲೆನೋವು, ವಾಂತಿ ಅಂತ ಅರ್ಧಕ್ಕೆ ಇಳಿಯುವುದು. ಅಲ್ಲಿನ ಗೈಡ್‌ಗಳ ಬಾಯಲ್ಲಿ ದಿನವಿಡೀ ಒಂದೇ ಮಾತು, 'ಪೋಲೆ ಪೋಲೆ', ನಿಧಾನ ನಿಧಾನ. ಬರೀ ನೋಡುವುದಾದರೆ ಬೆಟ್ಟ ತಾಂಜಾನಿಯಾದಲ್ಲಿದ್ದರೂ ನೋಟ ಕೀನ್ಯಾದ ಅಂಬೊಸೆಲಿಯಿಂದ. ಬೆಳಗಿನ ಜಾವ, ಸಂಜೆ ಮಾತ್ರ ಮೋಡ ಸರಿಯುತ್ತದೆ. ಮುಂದೆ ಆನೆ ಹಿಂಡು, ಹಿಂದೆ ಹಿಮದ ಟೊಪ್ಪಿ. ಆ ಟೊಪ್ಪಿಯೂ ಕರಗುತ್ತಿದೆ, 1912ರಲ್ಲಿ ಅಳೆದಾಗ ಇದ್ದ ಹಿಮದಲ್ಲಿ ಈಗ ಉಳಿದಿರುವುದು ಚೂರು.

ಈಜಿಪ್ಟನ್ನು ದಯವಿಟ್ಟು ಈ ಪ್ರವಾಸಕ್ಕೆ ಅಂಟಿಸಬೇಡಿ. ಅದಕ್ಕೇ ಹತ್ತು ದಿನ ಬೇರೆ ಇಡಿ, ನವೆಂಬರ್‌ನಿಂದ ಫೆಬ್ರವರಿಯೊಳಗೆ. ದೊಡ್ಡ ಪಿರಮಿಡ್ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಬರುವುದಾದರೆ ಒಂದು ದಿನ ಸಾಕು, ನಿಜ. ಆದರೆ ಈಜಿಪ್ಟ್ ಇರುವುದು ನೈಲ್ ಉದ್ದಕ್ಕೆ. ಲಕ್ಸರ್‌ನಿಂದ ಅಸ್ವಾನ್‌ಗೆ ದೋಣಿಯಲ್ಲಿ ಹೋಗುವಾಗ ದಂಡೆಯ ಹಸಿರು ಎಲ್ಲಿ ಮುಗಿಯುತ್ತದೋ ಅಲ್ಲೇ ಮರಳು ಶುರು, ನಡುವೆ ಒಂದು ಮಾರು ಜಾಗವೂ ಇಲ್ಲ. ಅಬು ಸಿಂಬೆಲ್‌ನ ಆ ದೊಡ್ಡ ದೇವಸ್ಥಾನವನ್ನು ಅಸ್ವಾನ್ ಅಣೆಕಟ್ಟಿನ ನೀರಿನಲ್ಲಿ ಮುಳುಗದಿರಲಿ ಅಂತ 1964ರಿಂದ 1968ರವರೆಗೆ ತುಂಡುತುಂಡಾಗಿ ಕೊಯ್ದು ಎತ್ತರದಲ್ಲಿ ಮತ್ತೆ ಕಟ್ಟಿದರು. ವರ್ಷಕ್ಕೆರಡು ದಿನ, ಫೆಬ್ರವರಿ 22 ಮತ್ತು ಅಕ್ಟೋಬರ್ 22ರಂದು, ಬೆಳಗಿನ ಸೂರ್ಯ ಗರ್ಭಗುಡಿಯ ತನಕ ಬರುತ್ತಾನೆ. ಮೊದಲು ಒಂದು ದಿನ ಮುಂಚೆ ಬರುತ್ತಿದ್ದನಂತೆ, ಸ್ಥಳ ಬದಲಿಸಿದ್ದರಿಂದ ಒಂದು ದಿನ ಜರುಗಿತು ಅನ್ನುತ್ತಾರೆ. ಗೀಜಾದ ಪಕ್ಕದಲ್ಲೇ 2025ರಲ್ಲಿ ಪೂರ್ತಿ ತೆರೆದ ಹೊಸ ದೊಡ್ಡ ಮ್ಯೂಸಿಯಂ ಇದೆ, ಟುಟಾಂಖಾಮನ್ ಗೋರಿಯ ಐದು ಸಾವಿರಕ್ಕೂ ಹೆಚ್ಚು ವಸ್ತುಗಳು ಮೊದಲ ಸಲ ಒಂದೇ ಕಡೆ. ಅದಕ್ಕೆ ಒಂದು ಇಡೀ ದಿನ. ಅಂದಹಾಗೆ ಈಜಿಪ್ಟಿಗಿಂತ ಜಾಸ್ತಿ ಪಿರಮಿಡ್ ಇರುವುದು ಸುಡಾನ್‌ನಲ್ಲಿ, ಚಿಕ್ಕವು, ಚೂಪಾದವು. 2023ರ ಏಪ್ರಿಲ್‌ನಿಂದ ಅಲ್ಲಿ ಯುದ್ಧ, ಈಗ ಯಾರೂ ಹೋಗುವ ಹಾಗಿಲ್ಲ.

ನಿಮ್ಮ ಪಟ್ಟಿಯಲ್ಲಿ ನನಗೆ ಕೊರತೆ ಅನ್ನಿಸಿದ್ದು ಒಂದೇ: ಏಳು ಹೆಸರಿನಲ್ಲಿ ಪ್ರಾಣಿ ಇದೆ, ಬೆಟ್ಟ ಇದೆ, ನೀರಿದೆ, ಕಲ್ಲಿದೆ, ಜನ ಎಲ್ಲಿ? ಈ ಸಲಕ್ಕಲ್ಲ, ಮುಂದಿನ ಸಲಕ್ಕೆ ಹೇಳುತ್ತಿದ್ದೇನೆ. ಇಥಿಯೋಪಿಯಾದ ಲಾಲಿಬೆಲಾದಲ್ಲಿ ಹನ್ನೊಂದು ಚರ್ಚ್‌ಗಳಿವೆ, ಕಟ್ಟಿದ್ದಲ್ಲ, ಮೇಲಿನಿಂದ ಕೆಳಕ್ಕೆ ಬಂಡೆ ಕೊರೆದು ಮಾಡಿದ್ದು, ಎಲ್ಲೋರಾದ ಕೈಲಾಸ ನೋಡಿದವರಿಗೆ ತಟ್ಟನೆ ಅರ್ಥವಾಗುತ್ತದೆ. ಜನವರಿ 7ರ ಅವರ ಕ್ರಿಸ್‌ಮಸ್‌ಗೆ ಬಿಳಿ ಬಟ್ಟೆ ಹೊದ್ದ ಯಾತ್ರಿಕರು ದಿನಗಟ್ಟಲೆ ನಡೆದು ಬರುತ್ತಾರೆ. ಆ ದೇಶದ ವರ್ಷಕ್ಕೆ ಹದಿಮೂರು ತಿಂಗಳು, ಲೆಕ್ಕ ನಮ್ಮ ಕ್ಯಾಲೆಂಡರ್‌ಗಿಂತ ಏಳೆಂಟು ವರ್ಷ ಹಿಂದೆ. ಕಾಫಿ ಬೀಜವನ್ನು ಎದುರಿಗೇ ಹುರಿದು, ಕುಟ್ಟಿ, ಕಾಸಿ ಮೂರು ಸಲ ಕೊಡುತ್ತಾರೆ, ಮೂರನೆಯದನ್ನು ಕುಡಿಯದೆ ಏಳುವುದು ಮರ್ಯಾದೆಯಲ್ಲ. ಆದರೆ ಲಾಲಿಬೆಲಾ ಇರುವ ಅಮ್ಹಾರಾ ಭಾಗದಲ್ಲಿ 2023ರಿಂದ ಹೋರಾಟ ನಡೆದಿದೆ. ಪರಿಸ್ಥಿತಿ ಆಯಾ ತಿಂಗಳು ನೋಡಿಕೊಂಡೇ ಹೊರಡಬೇಕು.

ಪಶ್ಚಿಮಕ್ಕೆ ಹೋದರೆ ಪ್ರಾಣಿ ಕಡಿಮೆ, ಇತಿಹಾಸ ಜಾಸ್ತಿ. ಘಾನಾದ ಎಲ್ಮಿನಾ ಕೋಟೆಯನ್ನು ಪೋರ್ಚುಗೀಸರು ಕಟ್ಟಲು ಶುರು ಮಾಡಿದ್ದು 1482ರಲ್ಲಿ, ಚಿನ್ನದ ವ್ಯಾಪಾರಕ್ಕೆ. ಆಮೇಲೆ ಅದರ ಕತ್ತಲೆ ಕೋಣೆಗಳಲ್ಲಿ ತುಂಬಿದ್ದು ಮನುಷ್ಯರನ್ನು. ಸಮುದ್ರದ ಕಡೆ ಒಬ್ಬರು ಮಾತ್ರ ತೂರಿ ಹೋಗುವಷ್ಟು ಕಿರಿದಾದ ಬಾಗಿಲಿದೆ. ಹಡಗಿಗೆ ಹತ್ತಿಸುತ್ತಿದ್ದದ್ದು ಅಲ್ಲಿಂದ. ನಾನು ಹೋದಾಗ ಅಮೆರಿಕದಿಂದ ಬಂದ ಒಂದು ಕುಟುಂಬ ಅದರ ಮುಂದೆ ಎಷ್ಟೋ ಹೊತ್ತು ನಿಂತಿತ್ತು, ಗೈಡ್ ಕೂಡ ಮಾತು ನಿಲ್ಲಿಸಿದ್ದ. ಮಾಲಿಯ ಜೆನ್ನೆಯಲ್ಲಿ ಮಣ್ಣಿನಿಂದಲೇ ಕಟ್ಟಿದ ದೊಡ್ಡ ಮಸೀದಿ ಇದೆ, ವರ್ಷಕ್ಕೊಮ್ಮೆ ಊರಿನವರೆಲ್ಲ ಸೇರಿ ಹೊಸ ಮಣ್ಣು ಮೆತ್ತುತ್ತಾರೆ. ಅಲ್ಲಿಗೆ ಹೋಗಲು ಈಗ ಸುರಕ್ಷಿತವಲ್ಲ. ಉತ್ತರದ ಮೊರಾಕ್ಕೊ ಮಾತ್ರ ಯಾವಾಗ ಬೇಕಾದರೂ ಸುಲಭ. ಫೆಸ್ ಪಟ್ಟಣದ ಹಳೆ ಓಣಿಗಳಲ್ಲಿ ಕಾರು ಹೋಗುವುದಿಲ್ಲ, ಹೇಸರಗತ್ತೆ ಬಂದಾಗ 'ಬಾಲಾಕ್ ಬಾಲಾಕ್' ಅಂತ ಕೂಗಿದರೆ ಗೋಡೆಗೆ ಒರಗಿ ದಾರಿ ಬಿಡಬೇಕು.

ಸರಿ, ಅಕ್ಟೋಬರ್‌ಗೆ ನಿಮಗೆ ನಾನು ಹಾಕುವ ದಾರಿ ಇದು: ನಮೀಬಿಯಾದಲ್ಲಿ ಎಂಟೊಂಬತ್ತು ದಿನ, ಜಲಪಾತ ಮತ್ತು ಚೋಬೆಗೆ ಐದು, ಕೇಪ್‌ಟೌನ್‌ನಲ್ಲಿ ಐದು. ಅಷ್ಟೇ. ಮಾರಾ ಇಲ್ಲ, ಝಾಂಜಿಬಾರ್ ಇಲ್ಲ.

ನಮೀಬಿಯಾ ಯಾಕೆ ಅಂತೀರಾ? ನಾಲ್ಕು ಜನ ಒಂದು ಗಾಡಿ ಬಾಡಿಗೆಗೆ ತಗೊಂಡು ಸ್ವಂತ ಓಡಿಸಿಕೊಂಡು ಹೋಗಬಹುದಾದ ದೇಶ. ನಮ್ಮ ಹಾಗೆ ಎಡಗಡೆ ಓಡಿಸುವುದು. ಇಡೀ ದೇಶದಲ್ಲಿ ಇರುವುದು ಸುಮಾರು 30 ಲಕ್ಷ ಜನ. ಒಂದು ಗಂಟೆ ಓಡಿಸಿದರೂ ಎದುರಿಗೆ ಒಂದು ಗಾಡಿ ಬರದ ರಸ್ತೆಗಳಿವೆ. ಸೋಸುಸ್‌ವ್ಲೇ ಕೆಂಪು ಮರಳು ದಿಬ್ಬಗಳ ಜಾಗ, ಅಲ್ಲಿ 'ಡೆಡ್‌ವ್ಲೇ' ಅನ್ನುವ ಬಿಳಿ ಜೇಡಿಮಣ್ಣಿನ ತಟ್ಟೆಯಲ್ಲಿ ಸತ್ತ ಮರಗಳು ನಿಂತಿವೆ. ಹಿಂದೆ ನದಿ ಅಲ್ಲಿತನಕ ಬರುತ್ತಿತ್ತು, ಮರಳು ಅಡ್ಡ ಬಂದು ದಾರಿ ಮುಚ್ಚಿತು, ಮರಗಳು ಒಣಗಿದವು. ಕೊಳೆಯಲು ಬೇಕಾದ ತೇವವೂ ಇಲ್ಲದ್ದರಿಂದ ನೂರಾರು ವರ್ಷ ಹಾಗೇ ಕಪ್ಪಗೆ ನಿಂತಿವೆ. ಬೆಳಗ್ಗೆ ಗೇಟು ತೆಗೆಯುವ ಹೊತ್ತಿಗೇ ಹೊರಡಿ, ಹತ್ತು ಗಂಟೆಗೆ ಮರಳು ಕಾಲು ಸುಡುತ್ತದೆ. ಕೊನೆಯ ಐದು ಕಿ.ಮೀ. ಮೆತ್ತನೆ ಮರಳು, ಅಲ್ಲಿ ನಿಮ್ಮ ಗಾಡಿ ಇಳಿಸುವ ಸಾಹಸ ಬೇಡ, ಶಟಲ್ ಜೀಪ್ ಇದೆ. ನಾನು ಹುಮ್ಮಸ್ಸಿನಲ್ಲಿ ಇಳಿಸಿ, ಗಾಲಿ ಹೂತು, ಒಂದೂವರೆ ಗಂಟೆ ಕೈಯಲ್ಲಿ ಮರಳು ತೋಡಿದ್ದೇನೆ. ಅಲ್ಲಿಂದ ಕರಾವಳಿಯ ಸ್ವಾಕೊಪ್‌ಮುಂಡ್‌ಗೆ ಬಂದರೆ ಸ್ವೆಟರ್ ಬೇಕು. ಸಮುದ್ರದ ತಣ್ಣನೆ ಪ್ರವಾಹದಿಂದ ಮಂಜು ಏಳುತ್ತದೆ, ಆ ಮರುಭೂಮಿ ಬದುಕಿರುವುದೇ ಮಂಜಿನ ಮೇಲೆ. ಅಲ್ಲಿನ ವೆಲ್ವಿಚಿಯಾ ಅನ್ನುವ ಗಿಡಕ್ಕೆ ಜೀವಮಾನಕ್ಕೆ ಎರಡೇ ಎಲೆ, ಆಯಸ್ಸು ಸಾವಿರ ವರ್ಷ ದಾಟುವುದೂ ಉಂಟು.

ಕೊನೆಗೆ ಎಟೋಶಾ. ಒಣಗಿದ ಉಪ್ಪಿನ ಬಯಲು, ಸುಮಾರು 4,800 ಚದರ ಕಿ.ಮೀ. ಅದರ ಅಂಚಿನಲ್ಲಿ ಅಲ್ಲಲ್ಲಿ ನೀರಿನ ಹೊಂಡ. ಅಕ್ಟೋಬರ್‌ನಲ್ಲಿ ಪ್ರಾಣಿ ಹುಡುಕುವ ಕೆಲಸವೇ ಇಲ್ಲ, ಹೊಂಡದ ಪಕ್ಕ ಗಾಡಿ ನಿಲ್ಲಿಸಿ ಎಂಜಿನ್ ಆರಿಸಿ ಕೂತರೆ ಅವೇ ಬರುತ್ತವೆ. ಒಕಾಕ್ವೇಯೊ ಶಿಬಿರದ ಹೊಂಡಕ್ಕೆ ರಾತ್ರಿಯಿಡೀ ದೀಪ ಇರುತ್ತದೆ. ಊಟ ಮುಗಿಸಿ ಕಲ್ಲುಗೋಡೆಯ ಈಚೆ ಬೆಂಚಿನಲ್ಲಿ ಕೂತು, ಕರಿ ಘೇಂಡಾಮೃಗ ಬಂದು ನೀರು ಕುಡಿದು ಹೋಗುವುದನ್ನು ನೋಡಬಹುದು. ನಿಮ್ಮಪ್ಪನಿಗೆ ನಿದ್ದೆ ಕಡಿಮೆ ಇದ್ದರೆ ಅವರಿಗಂತೂ ಸ್ವರ್ಗ.

ಕೇಪ್‌ಟೌನ್‌ನಲ್ಲಿ ಟೇಬಲ್ ಮೌಂಟನ್‌ಗೆ ಹವಾ ಚೆನ್ನಾಗಿರುವ ಮೊದಲ ದಿನವೇ ಹತ್ತಿ, 'ನಾಳೆ ಹೋಗೋಣ' ಅಂದರೆ ಗಾಳಿಗೆ ಕೇಬಲ್ ಕಾರ್ ನಿಲ್ಲಿಸಿರುತ್ತಾರೆ. ರಾಬೆನ್ ದ್ವೀಪಕ್ಕೆ ಮೊದಲೇ ಟಿಕೆಟ್ ಮಾಡಿ. ಮಂಡೇಲಾ 27 ವರ್ಷದ ಸೆರೆವಾಸದಲ್ಲಿ 18 ವರ್ಷ ಕಳೆದದ್ದು ಅಲ್ಲಿ. ಕೇಪ್ ಆಫ್ ಗುಡ್ ಹೋಪ್ ಆಫ್ರಿಕಾದ ದಕ್ಷಿಣ ತುದಿ ಅಲ್ಲ, ಅದು ಇನ್ನೂ ಪೂರ್ವಕ್ಕಿರುವ ಅಗುಲಾಸ್. ಅಕ್ಟೋಬರ್‌ನಲ್ಲಿ ಹರ್ಮಾನಸ್ ಊರಿನ ದಂಡೆಯಲ್ಲಿ ನಿಂತೇ ತಿಮಿಂಗಿಲ ನೋಡಬಹುದು, ದೋಣಿ ಖರ್ಚೂ ಇಲ್ಲ.

ಇಲ್ಲ, ನಮಗೆ ಮಾರಾನೇ ಬೇಕು ಅಂತ ಮಗಳು ಹಟ ಮಾಡಿದರೆ ಅಕ್ಟೋಬರ್ ಒಂದಕ್ಕೇ ಹೊರಟು, ಅಂಬೊಸೆಲಿ, ಮಾರಾ, ಆಮೇಲೆ ತಾಂಜಾನಿಯಾ, ಕೊನೆಗೆ ಝಾಂಜಿಬಾರ್ ಇಡಿ. ಆಗ ದಕ್ಷಿಣ ಪೂರ್ತಿ ಬಿಡಿ. ಆ ಕಡೆ ಹೋದರೆ ಒಂದು ಎಚ್ಚರಿಕೆ: ಸ್ವಾಹಿಲಿಯಲ್ಲಿ ಗಂಟೆ ಎಣಿಸುವುದು ಸೂರ್ಯ ಹುಟ್ಟಿದಾಗಿನಿಂದ. 'ಸಾ ತಾತು', ಮೂರು ಗಂಟೆ ಅಂದರೆ ಬೆಳಗ್ಗೆ ಒಂಬತ್ತು. ನಾನು ಮಧ್ಯಾಹ್ನ ಮೂರಕ್ಕೆ ಚೀಲ ಹೊತ್ತು ನಿಂತಾಗ ಬಸ್ಸು ಹೋಗಿ ಆರು ಗಂಟೆಯಾಗಿತ್ತು. ಉಳಿದಂತೆ ಆ ಭಾಷೆ ನಮಗೆ ನೆಂಟ. ಅಂಗಡಿಗೆ ದುಕಾ, ಕಾರಿಗೆ ಗಾರಿ, ದುಡ್ಡಿಗೆ ಪೇಸಾ, ವಿಮೆಗೆ ಬೀಮಾ, ಚಪಾತಿಗೆ ಚಪಾತಿ. ಝಾಂಜಿಬಾರ್‌ನ ಸ್ಟೋನ್ ಟೌನ್ ಮನೆ ಬಾಗಿಲುಗಳ ಹಿತ್ತಾಳೆ ಮೊಳೆಗಳಲ್ಲೂ ಗುಜರಾತಿನ ನೆರಳಿದೆ. ಆ ದ್ವೀಪಕ್ಕೆ 2024ರ ಅಕ್ಟೋಬರ್‌ನಿಂದ 44 ಡಾಲರ್‌ನ ಅವರದೇ ವಿಮೆ ಕಡ್ಡಾಯ, ನಿಮ್ಮ ಪ್ರಯಾಣ ವಿಮೆ ಇದ್ದರೂ.

ಊಟ. ಕೀನ್ಯಾ, ತಾಂಜಾನಿಯಾದಲ್ಲಿ ತೊಂದರೆಯೇ ಇಲ್ಲ. ಉಗಾಲಿ ಅಂದರೆ ಮೆಕ್ಕೆಜೋಳದ ಮುದ್ದೆ, ಸುಕುಮಾ ವಿಕಿ ಸೊಪ್ಪಿನ ಪಲ್ಯ, ಮಹರಾಗ್ವೆ ಕಾಳಿನ ಸಾರು. 'ಮಾಂಸ ಬೇಡ' ಅಂದರೆ ಕೋಳಿ ತಂದಿಡುತ್ತಾರೆ, ಅದಕ್ಕೆ 'ಸಿಲಿ ನ್ಯಾಮಾ, ಕುಕು, ಸಮಾಕಿ' ಅಂತ ಮೂರನ್ನೂ ಹೇಳಬೇಕು: ಮಾಂಸ, ಕೋಳಿ, ಮೀನು ತಿನ್ನಲ್ಲ. ಇಥಿಯೋಪಿಯಾದಲ್ಲಿ ಬುಧವಾರ, ಶುಕ್ರವಾರ ಉಪವಾಸದ ಊಟ, ಹಾಲು ಮೊಟ್ಟೆ ಕೂಡ ಇರುವುದಿಲ್ಲ. ಕಷ್ಟ ಇರುವುದು ನಮೀಬಿಯಾದಲ್ಲೇ. ಅಲ್ಲಿ ಸಂಜೆಯಾದರೆ ಎಲ್ಲರೂ ಕೆಂಡದ ಮೇಲೆ ಮಾಂಸ ಇಡುತ್ತಾರೆ. ಅಡುಗೆಮನೆ ಇರುವ ಕಾಟೇಜ್ ತಗೊಂಡು, ದೊಡ್ಡ ಊರು ಬಂದಾಗಲೆಲ್ಲ ಅಕ್ಕಿ, ಬೇಳೆ, ತರಕಾರಿ ತುಂಬಿಸಿಕೊಳ್ಳಿ. ನೀರು ಗಾಡಿಯಲ್ಲಿ ಯಾವಾಗಲೂ ಇಪ್ಪತ್ತು ಲೀಟರ್ ಇರಲಿ. ಎರಡು ಸ್ಟೆಪ್ನಿ ಕೊಡುವವರ ಹತ್ತಿರವೇ ಗಾಡಿ ತಗೊಳ್ಳಿ, ಜಲ್ಲಿ ರಸ್ತೆಯಲ್ಲಿ 80ರ ಮೇಲೆ ಹೋಗಬೇಡಿ, ಕತ್ತಲಾದ ಮೇಲೆ ಓಡಿಸಲೇಬೇಡಿ.

ಹಳದಿ ಜ್ವರದ ಚುಚ್ಚುಮದ್ದು ಕೀನ್ಯಾ ಕಡೆ ಹೋದರೆ ಬೇಕೇ ಬೇಕು, ಹೊರಡುವ ಹತ್ತು ದಿನ ಮೊದಲು ಹಾಕಿಸಿ. ಆ ಕಾರ್ಡ್ ಇಲ್ಲದೆ ಭಾರತಕ್ಕೆ ವಾಪಸ್ ಬಂದರೆ ಆರು ದಿನ ಕೂಡಿಹಾಕುತ್ತಾರೆ. ಚೋಬೆ, ಎಟೋಶಾ, ಜಲಪಾತದ ಕಡೆ ಮಲೇರಿಯಾ ಇದೆ, ಅಪ್ಪ ದಿನಾ ತಗೊಳ್ಳುವ ಮಾತ್ರೆಗಳಿದ್ದರೆ ಅವುಗಳ ಪಟ್ಟಿ ತೋರಿಸಿ ಡಾಕ್ಟರ್ ಹತ್ತಿರ ಮಾತ್ರೆ ಬರೆಸಿಕೊಳ್ಳಿ. ಡಾಲರ್ ನೋಟು ಹೊಸದಾಗಿರಲಿ, 2006ಕ್ಕಿಂತ ಹಳೆಯದು, ಮಡಿಚಿದ್ದು, ಹರಿದದ್ದು ಬಹಳ ಕಡೆ ಮುಟ್ಟುವುದಿಲ್ಲ. ಚಿಕ್ಕ ವಿಮಾನ ಹತ್ತುವುದಾದರೆ 15 ಕೆ.ಜಿ. ಮಿತಿ, ಗಾಲಿ ಸೂಟ್‌ಕೇಸ್ ನಡೆಯುವುದಿಲ್ಲ, ಮೆತ್ತನೆ ಚೀಲವೇ ಬೇಕು. ಕೀನ್ಯಾ, ತಾಂಜಾನಿಯಾಕ್ಕೆ ಪ್ಲಾಸ್ಟಿಕ್ ಕವರ್ ಒಯ್ಯಬೇಡಿ, ನಿಷೇಧ. ಮತ್ತು ತ್ಸೆತ್ಸೆ ನೊಣ ಇರುವ ಕಡೆ ಕಡುನೀಲಿ, ಕಪ್ಪು ಬಟ್ಟೆ ಬೇಡ, ಆ ಬಣ್ಣ ಕಂಡರೆ ಮುತ್ತಿಕೊಳ್ಳುತ್ತದೆ, ಜೀನ್ಸ್ ಮೇಲಿಂದಲೇ ಕಚ್ಚುತ್ತದೆ.

ಮಗಳ ರಜೆ ಫೆಬ್ರವರಿಗೆ ಬರುವ ಹಾಗಿದ್ದರೆ ಮಾತ್ರ ಮತ್ತೆ ಬರೆಯಿರಿ. ಆಗ ಇದಿಷ್ಟನ್ನೂ ಅಳಿಸಿ ಸೆರೆಂಗೆಟಿಯಿಂದ ಶುರು ಮಾಡುತ್ತೇನೆ.